ಮೊಳೆಗೆ ಹತ್ತಿದ ತಾಮ್ರ

ಮೈಲುತುತ್ತದ (ತಾಮ್ರದ ಸಲ್ಫೇಟ್) ಹರಳನ್ನು ನೀರಿಗೆ ಹಾಕಿ ಕರಗಿಸಿದರೆ ಕಣ್ಣಿಗೆ ಹಿತವಾದ ನೀಲಿ ದ್ರಾವಣ ಸಿಗುತ್ತದೆ. ಒಂದು ಕಬ್ಬಿಣದ ಮೊಳೆಯನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ, ದಾರ ಕಟ್ಟಿ, ಅದರೊಳಗೆ ಇಳಿಬಿಡಿ. ಸ್ವಲ್ಪ ಹೊತ್ತಿಗೇ ಮೊಳೆಯ ಹೊಳಪು ಮಂಕಾಗಿ ಕೆಂಪು ಬಣ್ಣ ತಿರುಗುತ್ತದೆ. ಅರ್ಧ ಗಂಟೆ ಬಿಟ್ಟು ಎತ್ತಿ ನೋಡಿದರೆ ಮೈತುಂಬ ಕಂದು ಪದರ. ಬೆರಳಿಂದ ಉಜ್ಜಿದರೆ ಪುಡಿಪುಡಿಯಾಗಿ ಕೈಗೆ ಹತ್ತುತ್ತದೆ. ಅದು ತಾಮ್ರ. ಇತ್ತ ದ್ರಾವಣದ ನೀಲಿ ತೆಳುವಾಗಿ, ನಿಧಾನಕ್ಕೆ ಹಸಿರಿನ ಕಡೆ ವಾಲಿರುತ್ತದೆ.

ಮೊಳೆಗೆ ತಾಮ್ರ ಸುಮ್ನೆ ಬಣ್ಣದ ಹಾಗೆ ಬಳಿದುಕೊಂಡಿತು ಎಂದು ಅನ್ನಿಸಬಹುದು. ಆದರೆ ಅಲ್ಲಿ ನಡೆದದ್ದು ಲೇವಾದೇವಿ. ಒಂದೊಂದು ಕಬ್ಬಿಣದ ಪರಮಾಣುವೂ ತನ್ನ ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ನೀರಿಗೆ ಇಳಿಯಿತು. ನೀರಿನಲ್ಲಿದ್ದ ತಾಮ್ರದ ಅಯಾನು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು) ಆ ಎರಡನ್ನೂ ಪಡೆದು ಲೋಹವಾಗಿ ಮೊಳೆಯ ಮೇಲೆ ಕೂತಿತು. ಲೆಕ್ಕ ಪಕ್ಕಾ ಇದೆ: 56 ಗ್ರಾಂ ಕಬ್ಬಿಣ ಕರಗಿದರೆ ಸುಮಾರು 63.5 ಗ್ರಾಂ ತಾಮ್ರ ಹೊರಬರುತ್ತದೆ. ಕಬ್ಬಿಣ ಸವೆದಿದ್ದರೂ ತಾಮ್ರ ಹೊತ್ತ ಮೊಳೆ ಮೊದಲಿಗಿಂತ ಭಾರವೇ ಆಗಿರುತ್ತದೆ!

ಇದನ್ನೇ ತಿರುಗಿಸಿ ಮಾಡಿ. ತಾಮ್ರದ ತಂತಿಯನ್ನು ಕಬ್ಬಿಣದ ಸಲ್ಫೇಟ್ ದ್ರಾವಣದಲ್ಲಿ ಇಟ್ಟರೆ ಏನೂ ಆಗುವುದಿಲ್ಲ. ಅದೇ ತಂತಿಯನ್ನು ಸಿಲ್ವರ್ ನೈಟ್ರೇಟಿನಲ್ಲಿ ಇಟ್ಟರೆ ಅದರ ಮೇಲೆ ಬೆಳ್ಳಿಯ ಸೂಜಿಗಳು ಗಿಡದ ಟೊಂಗೆಗಳಂತೆ ಬೆಳೆಯುತ್ತವೆ, ನೀರು ನೀಲಿಯಾಗುತ್ತದೆ. ಹಾಗಾದರೆ ಎಲೆಕ್ಟ್ರಾನ್ ಬಿಟ್ಟುಕೊಡುವುದರಲ್ಲಿ ಕಬ್ಬಿಣ ಮುಂದು, ತಾಮ್ರ ಅದರ ಹಿಂದೆ, ಬೆಳ್ಳಿ ಇನ್ನೂ ಹಿಂದೆ. ಹೀಗೆ ಎರಡೆರಡು ಲೋಹಗಳನ್ನು ಎದುರುಬದುರು ನಿಲ್ಲಿಸುತ್ತಾ ಹೋದರೆ ಪಠ್ಯಪುಸ್ತಕದ ಸಾಲು, ಅಂದರೆ ಕ್ರಿಯಾಶೀಲತಾ ಸರಣಿ, ತಾನಾಗಿಯೇ ಮೂಡುತ್ತದೆ: ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ಸೀಸ, ತಾಮ್ರ, ಪಾದರಸ, ಬೆಳ್ಳಿ, ಚಿನ್ನ. ಇದನ್ನು ಬಾಯಿಪಾಠ ಮಾಡಿಸುವ ಮೊದಲು ಆ ಮೊಳೆಯನ್ನೊಮ್ಮೆ ಮಕ್ಕಳ ಕೈಗೆ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಾಲಿನ ಮೊದಲ ತುದಿಯಲ್ಲಿರುವವು ಗಾಳಿ, ನೀರು ಯಾವುದನ್ನೂ ಬಿಡುವುದಿಲ್ಲ. ಅದಕ್ಕೇ ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ. ಸೋಡಿಯಂ ನೀರಿಗಿಂತ ಹಗುರ, ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಹಾಗಾಗಿ ಒಂದು ಚೂರು ನೀರಿಗೆ ಬಿದ್ದರೆ ತನ್ನದೇ ಬಿಸಿಗೆ ಕರಗಿ, ಬೆಳ್ಳಿಗುಂಡಿನಂತಾಗಿ, ನೀರಿನ ಮೇಲೆಲ್ಲ ಓಡಾಡುತ್ತದೆ. ಚೂರು ದೊಡ್ಡದಾದರೆ ಸ್ಫೋಟ. ಈ ಕ್ರಿಯೆಯಲ್ಲಿ ಹೊರಬರುವ ಹೈಡ್ರೋಜನ್ ಹೊತ್ತಿಕೊಳ್ಳುವುದರಿಂದ ಸ್ಫೋಟವಾಗುತ್ತದೆ ಎಂದೇ ನಾವೆಲ್ಲ ಓದಿದ್ದು. ಇಲ್ಲಿ ಒಂದು ತೊಡಕಿದೆ. ಏಳುವ ಹೈಡ್ರೋಜನ್ ಮತ್ತು ಹಬೆ ಲೋಹಕ್ಕೂ ನೀರಿಗೂ ನಡುವೆ ಅಡ್ಡ ನಿಂತು ಕ್ರಿಯೆಯನ್ನು ತಡೆಯಬೇಕಿತ್ತಲ್ವಾ? 2015ರಲ್ಲಿ ಜೆಕ್ ವಿಜ್ಞಾನಿ ಪಾವೆಲ್ ಯುಂಗ್‌ವಿರ್ಟ್ ಮತ್ತು ಅವರ ತಂಡ ಸೋಡಿಯಂ-ಪೊಟ್ಯಾಸಿಯಂ ಮಿಶ್ರಲೋಹದ ಹನಿಯನ್ನು ನೀರಿಗೆ ಬೀಳಿಸಿ, ಅತಿ ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದರು. ಮಿಲಿಸೆಕೆಂಡಿಗೂ ಕಡಿಮೆ ಸಮಯದಲ್ಲಿ ಹನಿಯ ಮೈಯಿಂದ ಮುಳ್ಳುಗಳು ಸಿಡಿದು ಹೊರಟವು. ಎಲೆಕ್ಟ್ರಾನುಗಳು ಅಷ್ಟು ಬೇಗ ನೀರಿಗೆ ಹಾರಿದಾಗ ಹಿಂದೆ ಉಳಿದ ಧನ ಅಯಾನುಗಳು ಒಂದನ್ನೊಂದು ತಳ್ಳುತ್ತವೆ, ಹನಿ ಛಿದ್ರವಾಗುತ್ತದೆ, ಹೊಸ ಲೋಹ ನೀರಿಗೆ ತಾಗುತ್ತದೆ. ಶಾಲೆಯಲ್ಲಿ ತಲೆಮಾರುಗಳಿಂದ ತೋರಿಸುತ್ತಿದ್ದ ಪ್ರಯೋಗದೊಳಗೆ ಇಷ್ಟೊಂದು ಅಡಗಿತ್ತು ಎನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಈಗ ಅಲ್ಯೂಮಿನಿಯಂ ಕಡೆ ನೋಡಿ. ಸಾಲಿನಲ್ಲಿ ಅದು ಕಬ್ಬಿಣಕ್ಕಿಂತ ಮೇಲಿದೆ. ಆದರೂ ಅಲ್ಯೂಮಿನಿಯಂ ಪಾತ್ರೆಯಲ್ಲಿ ದಿನವೂ ನೀರು ಕುದಿಯುತ್ತದೆ, ಪಾತ್ರೆಗೆ ಏನೂ ಆಗುವುದಿಲ್ಲ. ಅಲ್ಯೂಮಿನಿಯಂ ಹಾಳೆಯನ್ನು ಮೈಲುತುತ್ತದ ನೀರಿಗೆ ಹಾಕಿದರೂ ತುಂಬಾ ಹೊತ್ತು ಹಾಗೇ ಬಿದ್ದಿರುತ್ತದೆ. ಸರಣಿ ತಪ್ಪಾಯಿತಾ? ಅದೇ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ. ಗುಳ್ಳೆ ಏಳುತ್ತದೆ, ಲೋಟ ಬಿಸಿಯಾಗುತ್ತದೆ, ಹಾಳೆ ತೂತು ಬಿದ್ದು ಕೆಂಪು ತಾಮ್ರದ ಚಿಂದಿಯಾಗುತ್ತದೆ. ಅಲ್ಯೂಮಿನಿಯಂ ಗಾಳಿ ಸೋಕಿದ ಕೂಡಲೇ ಆಕ್ಸೈಡಿನ ಪೊರೆ ಹೊದ್ದುಕೊಳ್ಳುತ್ತದೆ. ಅದರ ದಪ್ಪ ಕೆಲವೇ ನ್ಯಾನೋಮೀಟರ್. ಗೀರಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಮುರಿಯಿತು, ಒಳಗಿನ ಲೋಹ ತನ್ನ ನಿಜವಾದ ಗುಣ ತೋರಿಸಿತು. ಪಾದರಸ ಇನ್ನೂ ಜೋರು. ಗೀರಿದ ಅಲ್ಯೂಮಿನಿಯಂಗೆ ಅದು ತಗುಲಿದರೆ ಬಿಳಿ ಕೂದಲಿನಂಥ ಆಕ್ಸೈಡ್ ಬೆಳೆಯುತ್ತಲೇ ಹೋಗಿ ಲೋಹವನ್ನು ತಿಂದುಹಾಕುತ್ತದೆ. ವಿಮಾನದ ಮೈ ಹೆಚ್ಚಾಗಿ ಅಲ್ಯೂಮಿನಿಯಂ ಆದ್ದರಿಂದ ಪಾದರಸವನ್ನು ಅದರಲ್ಲಿ ಒಯ್ಯಲು ಬಿಗಿ ನಿರ್ಬಂಧ ಇದೆ. (ಇದನ್ನು ವಿಡಿಯೋದಲ್ಲಿ ನೋಡಿದರೆ ಸಾಕು. ಪಾದರಸದ ಆವಿ ವಿಷ.)

ಸರಣಿ ಹೇಳುವುದು ಲೋಹಕ್ಕೆ ಎಲೆಕ್ಟ್ರಾನ್ ಬಿಡುವ ಒಲವು ಎಷ್ಟು ಎಂಬುದನ್ನು. ಎಷ್ಟು ಬೇಗ ಬಿಡುತ್ತದೆ ಎಂಬುದು ಬೇರೆ ಪ್ರಶ್ನೆ. ಲಿಥಿಯಂ ನೋಡಿ, ವೋಲ್ಟೇಜಿನ ಲೆಕ್ಕದಲ್ಲಿ ಅದು ಪೊಟ್ಯಾಸಿಯಂಗಿಂತಲೂ ಮುಂದೆ. ನೀರಿನಲ್ಲಿ ಮಾತ್ರ ಸೋಡಿಯಂಗಿಂತ ಸಮಾಧಾನಿ.

ಇದೇ ಸಾಲನ್ನು ಕೆಳಗಿನಿಂದ ಓದಿದರೆ ಹೆಚ್ಚುಕಡಿಮೆ ಮನುಷ್ಯನ ಚರಿತ್ರೆ. ಚಿನ್ನ ಮಣ್ಣಿನಲ್ಲಿ ಚಿನ್ನವಾಗಿಯೇ ಸಿಗುತ್ತದೆ, ಆರಿಸಿಕೊಂಡರಾಯಿತು. ತಾಮ್ರದ ಮತ್ತು ಕಬ್ಬಿಣದ ಅದಿರುಗಳನ್ನು ಇದ್ದಿಲಿನ ಜೊತೆ ಕಾಯಿಸಿದರೆ ಇಂಗಾಲ ಆಕ್ಸಿಜನ್ನನ್ನು ಕಿತ್ತುಕೊಂಡು ಲೋಹ ಬಿಡಿಸಿಕೊಡುತ್ತದೆ. ಕಬ್ಬಿಣಕ್ಕೆ ಜಾಸ್ತಿ ಬಿಸಿ ಬೇಕು, ಅದಕ್ಕೇ ತಾಮ್ರದ ಯುಗ ಮೊದಲು ಬಂತು. ಸೋಡಿಯಂ, ಪೊಟ್ಯಾಸಿಯಂ ಬೇರೆಯಾಗಿ ಕಂಡದ್ದು 1807ರಲ್ಲಿ, ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಕರಗಿಸಿದ ಕ್ಷಾರಗಳ ಮೂಲಕ ವಿದ್ಯುತ್ ಹರಿಸಿದಾಗ. ಅಲ್ಯೂಮಿನಿಯಂ ಅಗ್ಗವಾಗಲು 1886ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದಲ್ಲಿ ಹಾಲ್, ಫ್ರಾನ್ಸಿನಲ್ಲಿ ಎರೂ, ಬೇರೆಬೇರೆಯಾಗಿಯೇ ವಿದ್ಯುತ್ತಿನ ದಾರಿ ಕಂಡುಕೊಂಡರು.

ಡೇವಿಯ ಇನ್ನೊಂದು ಕೆಲಸ ನನಗೆ ಇನ್ನೂ ಇಷ್ಟ. ಆಗಿನ ಬ್ರಿಟಿಷ್ ನೌಕಾಪಡೆಯ ಮರದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು. ಉಪ್ಪುನೀರಿಗೆ ಅದು ಸವೆಯುತ್ತಿತ್ತು. 1824ರಲ್ಲಿ ಡೇವಿ ಒಂದು ಉಪಾಯ ಹೇಳಿದ: ತಾಮ್ರಕ್ಕೆ ಸತು ಅಥವಾ ಕಬ್ಬಿಣದ ತುಂಡು ಜೋಡಿಸಿ, ಎಲೆಕ್ಟ್ರಾನ್ ಅದೇ ಕೊಡುತ್ತದೆ, ತಾಮ್ರ ಉಳಿಯುತ್ತದೆ. ತಾಮ್ರ ಉಳಿಯಿತು ನಿಜ. ಆದರೆ ಹಡಗಿನ ತಳಕ್ಕೆ ಚಿಪ್ಪುಜೀವಿಗಳು, ಪಾಚಿ ಮುತ್ತಿಕೊಂಡು ವೇಗ ಇಳಿಯಿತು. ಅಲ್ಲಿಯವರೆಗೆ ಅವನ್ನು ದೂರ ಇಟ್ಟಿದ್ದು ಸವೆದು ನೀರಿಗೆ ಸೇರುತ್ತಿದ್ದ ತಾಮ್ರವೇ. ಉಪಾಯವನ್ನು ಕೈಬಿಟ್ಟರು.

ಉಕ್ಕಿನ ಹಡಗುಗಳು ಬಂದ ಮೇಲೆ ಅದು ಮತ್ತೆ ಕೆಲಸಕ್ಕೆ ಬಂತು. ಇವತ್ತು ಹಡಗಿನ ತಳದಲ್ಲಿ, ಚುಕ್ಕಾಣಿಯ ಹತ್ತಿರ, ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿಗಳನ್ನು ಜೋಡಿಸಿರುತ್ತಾರೆ. ಹಡಗು ದುರಸ್ತಿಗೆ ಮೇಲೆ ಬಂದಾಗ ಅವು ತೂತುತೂತಾಗಿ, ಕೊರೆದುಹೋದ ಕಲ್ಲಿನಂತೆ ಕಾಣುತ್ತವೆ. ಅವನ್ನು ಕಿತ್ತು ಹೊಸದನ್ನು ಹಾಕುತ್ತಾರೆ. ಪಕ್ಕದ ಉಕ್ಕು ಗಟ್ಟಿಯಾಗಿಯೇ ಇರುತ್ತದೆ.