ಗರಗಸ ಮೀನು: ಕಾನೂನಿಗೂ ಬಲೆಗೂ ನಡುವೆ

2022ರ ಮಾರ್ಚ್‌ನಲ್ಲಿ ಮಲ್ಪೆ ಬಂದರಿಗೆ ಬಂದ ಸುಮಾರು 250 ಕಿಲೋ ತೂಕದ ಗರಗಸ ಮೀನಿನ ದೃಶ್ಯ ಮೊಬೈಲುಗಳಲ್ಲಿ ಹರಿದಾಡಿದಾಗ, ಅದನ್ನು ಹಿಡಿದದ್ದು ತಪ್ಪೇ, ಮಾರುವುದು ತಪ್ಪೇ, ತಾನಾಗಿ ಬಲೆಗೆ ಬಿದ್ದದ್ದಾದರೆ ದೋಣಿಯಲ್ಲಿದ್ದವರು ಏನು ಮಾಡಬೇಕಿತ್ತು ಎಂಬ ಪ್ರಶ್ನೆಗಳೆಲ್ಲ ಒಟ್ಟಿಗೇ ಎದ್ದವು. ಕಾನೂನು ಪುಸ್ತಕದಲ್ಲಿ ಉತ್ತರ ಸಿಗುವುದು ಕಷ್ಟವೇನಲ್ಲ. ಹುಲಿಗೆ ಇರುವ ರಕ್ಷಣೆಯೇ ಈ ಮೀನಿಗೂ ಇದೆ. ಆದರೆ ಹುಲಿಯನ್ನು ಯಾರೂ ಅರಿಯದೆ ಹಿಡಿಯುವುದಿಲ್ಲ. ಗರಗಸ ಮೀನು ಮಾತ್ರ ಬಂಗುಡೆಗೋ ಸಿಗಡಿಗೋ ಬೀಸಿದ ಬಲೆಯಲ್ಲಿ ಬಂದು ಬೀಳುತ್ತದೆ. ಗೊಂದಲವೆಲ್ಲ ಹುಟ್ಟುವುದು ಇಲ್ಲಿಯೇ.

ನೋಡಲು ಶಾರ್ಕಿನಂತಿದ್ದರೂ ಇದು ತೊರಕೆಗಳ (ರೇ ಮೀನುಗಳ) ಬಳಗಕ್ಕೆ ಸೇರಿದ ಜೀವಿ. ಕಿವಿರಿನ ಸೀಳುಗಳು ದೇಹದ ಪಕ್ಕದಲ್ಲಿರದೆ ಹೊಟ್ಟೆಯ ಕಡೆಗಿರುವುದೇ ಅದಕ್ಕೆ ಸಾಕ್ಷಿ. ಜಗತ್ತಿನಲ್ಲಿರುವುದು ಐದೇ ಪ್ರಭೇದಗಳು. ಅವುಗಳಲ್ಲಿ ದೊಡ್ಡ ಹಲ್ಲಿನ ಪ್ರಭೇದ ಆರು ಮೀಟರಿಗೂ ಮೀರಿ ಬೆಳೆಯಬಲ್ಲದು. ಮೂತಿಯೇ ಉದ್ದಕ್ಕೆ ಚಾಚಿಕೊಂಡು ಆಗಿರುವ ಗರಗಸದ ಅಂಚಿನಲ್ಲಿರುವ ಹಲ್ಲುಗಳು ನಿಜವಾದ ಹಲ್ಲುಗಳಲ್ಲ, ಮಾರ್ಪಟ್ಟ ಚರ್ಮದ ಹುರುಪೆಗಳು. ಗರಗಸದ ತುಂಬ ಹರಡಿರುವ ಸೂಕ್ಷ್ಮ ರಂಧ್ರಗಳು ಬೇಟೆಯ ದೇಹದಿಂದ ಹೊಮ್ಮುವ ಅತಿ ದುರ್ಬಲ ವಿದ್ಯುತ್ತನ್ನು ಗ್ರಹಿಸುತ್ತವೆ. ಹಾಗಾಗಿ ಕದಡಿದ ಅಳಿವೆ ನೀರಿನಲ್ಲಿಯೂ ಇದು ಮೀನಿನ ಇರವನ್ನು ಅರಿತು, ಗರಗಸವನ್ನು ಅಡ್ಡಡ್ಡ ಬೀಸಿ ಹೊಡೆದು ಕೆಡವುತ್ತದೆ. ಒಂದೇ ಅಂಗ ಕಣ್ಣಿನ ಕೆಲಸವನ್ನೂ ಕತ್ತಿಯ ಕೆಲಸವನ್ನೂ ಮಾಡುವುದು ಪ್ರಾಣಿಲೋಕದಲ್ಲಿ ಅಪರೂಪ. ಗರಗಸವನ್ನು ಕಳೆದುಕೊಂಡ ಮೀನು ಸ್ವಲ್ಪ ಕಾಲ ಬದುಕಬಹುದಾದರೂ ಹೊಟ್ಟೆ ತುಂಬಿಸಿಕೊಳ್ಳುವುದು ಅದಕ್ಕೆ ಕಷ್ಟ.

ಇವು ಮರಿ ಹಾಕುತ್ತವೆ. ತಾಯಿಗೆ ಗಾಯವಾಗದಂತೆ ಹುಟ್ಟುವಾಗ ಮರಿಯ ಗರಗಸದ ಮೇಲೆ ಮೆತ್ತನೆಯ ಹೊದಿಕೆ ಇರುತ್ತದೆ. ಮರಿಗಳು ಮೊದಲ ಕೆಲವು ವರ್ಷಗಳನ್ನು ಅಳಿವೆ, ಕಾಂಡ್ಲಾವನ, ನದಿಗಳಲ್ಲಿ ಕಳೆಯುತ್ತವೆ. ಪಶ್ಚಿಮ ಆಸ್ಟ್ರೇಲಿಯಾದ ಫಿಟ್ಜ್‌ರಾಯ್ ನದಿ ಇಂಥ ಪ್ರಸಿದ್ಧ ತೊಟ್ಟಿಲು. ಅಂದರೆ ಮನುಷ್ಯರು ಅಣೆಕಟ್ಟು ಕಟ್ಟುವ, ಮರಳು ತೆಗೆಯುವ, ಬಂದರು ಮಾಡುವ ಜಾಗಗಳೇ ಇವುಗಳ ಬಾಲ್ಯದ ನೆಲೆಗಳು. ಬೆಳೆದು ಮರಿ ಹಾಕಲು ಹಲವು ವರ್ಷ ಬೇಕು, ಒಂದು ಸಲಕ್ಕೆ ಹುಟ್ಟುವ ಮರಿಗಳೂ ಕಡಿಮೆ. ಅಮೆರಿಕದ ಫ್ಲಾರಿಡಾದಲ್ಲಿ ಕೆಲವು ಮರಿಗಳು ತಂದೆಯಿಲ್ಲದೆ, ತಾಯಿಯೊಬ್ಬಳಿಂದಲೇ ಹುಟ್ಟಿವೆ ಎಂದು 2015ರಲ್ಲಿ ವಂಶವಾಹಿ ಅಧ್ಯಯನವೊಂದು ತೋರಿಸಿದಾಗ ವಿಜ್ಞಾನಿಗಳಿಗೂ ಅಚ್ಚರಿಯಾಯಿತು. ಗಂಡಿನ ಭೇಟಿಯೇ ಅಪರೂಪವಾಗುವಷ್ಟು ಸಂಖ್ಯೆ ಇಳಿದಿರುವುದರ ಸೂಚನೆಯೂ ಅದಾಗಿರಬಹುದೆಂದು ಹೇಳಲಾಯಿತು.

ಇಪ್ಪತ್ತನೆಯ ಶತಮಾನದ ಮೊದಲ ಭಾಗದವರೆಗೂ ಉಷ್ಣವಲಯದ ಕರಾವಳಿಗಳಲ್ಲಿ ಸಾಮಾನ್ಯವಾಗಿದ್ದ ಈ ಮೀನು, ಹತ್ತಿ ಮತ್ತು ಸೆಣಬಿನ ಬಲೆಗಳು ಹೋಗಿ ನೈಲಾನ್ ಬಂದು, ಯಂತ್ರದೋಣಿಗಳು ಹೆಚ್ಚಿದ ಎರಡು ಮೂರು ದಶಕಗಳಲ್ಲಿ ಎಲ್ಲೆಡೆ ಕಾಣೆಯಾಗುತ್ತ ಹೋಯಿತು. ನಿಕರಾಗುವಾ ಸರೋವರದಲ್ಲಿ 1970ರ ದಶಕದ ವಾಣಿಜ್ಯ ಬೇಟೆಯ ಕೆಲವೇ ವರ್ಷಗಳು ಸಾಕಾದವು, ಹತ್ತಾರು ಸಾವಿರ ಮೀನುಗಳಿದ್ದ ನೆಲೆ ಬರಿದಾಗಲು. ರೆಕ್ಕೆಗೆ ಸೂಪಿನ ಮಾರುಕಟ್ಟೆ, ಗರಗಸಕ್ಕೆ ಅಲಂಕಾರದ ಮಾರುಕಟ್ಟೆ, ಪೆರುವಿನ ಕೋಳಿ ಅಂಕಕ್ಕೆ ಕತ್ತಿಯಾಗಿ ಅದರ ಹಲ್ಲು: ಬೆಲೆ ಸಿಗದ ಭಾಗವೇ ಇರಲಿಲ್ಲ. 2007ರಲ್ಲಿ ಹೇಗ್‌ನಲ್ಲಿ ಸೇರಿದ್ದ ಸೈಟಿಸ್ ಎಂಬ ವನ್ಯಜೀವಿ ವ್ಯಾಪಾರ ಒಪ್ಪಂದದ ದೇಶಗಳು ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿದರೂ, ಅಕ್ವೇರಿಯಂಗಳಿಗೆ ಜೀವಂತ ಮೀನು ಕಳಿಸಲು ಆಸ್ಟ್ರೇಲಿಯಾಕ್ಕೆ ಒಂದು ಕಿಂಡಿ ಉಳಿದಿತ್ತು. ಅದು ಮುಚ್ಚಿದ್ದು 2013ರಲ್ಲಿ. ಒಂದು ಕಾಲಕ್ಕೆ ಇವು ಬದುಕಿದ್ದ 90 ದೇಶಗಳಲ್ಲಿ 55 ದೇಶಗಳ ಕರಾವಳಿಯಿಂದ ಕನಿಷ್ಠ ಒಂದು ಪ್ರಭೇದವಾದರೂ ಮರೆಯಾಗಿದೆ ಎಂದು 2021ರ ಅಧ್ಯಯನವೊಂದು ಅಂದಾಜಿಸಿತು.

ಭಾರತದ ಕಥೆಯಲ್ಲಿ ತಿರುವು ಬಂದದ್ದು 2001ರಲ್ಲಿ, ಅದೂ ಒಂದೇ ವರ್ಷದಲ್ಲಿ ಮೂರು ಸಲ. ಮೇ ತಿಂಗಳಲ್ಲಿ ತಿಮಿಂಗಿಲ ಶಾರ್ಕನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಯಿರುವ ಪಟ್ಟಿಯಾದ ಮೊದಲ ಅನುಸೂಚಿಗೆ ಸೇರಿಸಲಾಯಿತು. ಜುಲೈ ತಿಂಗಳಲ್ಲಿ ಶಾರ್ಕು, ತೊರಕೆ ಸೇರಿ ಗಟ್ಟಿ ಮೂಳೆಯ ಬದಲು ಮೃದ್ವಸ್ಥಿಯಿರುವ ಎಲ್ಲ ಮೀನುಗಳಿಗೂ ಅದೇ ರಕ್ಷಣೆ ಸಿಕ್ಕಿತು. ದಿನವೂ ಬಲೆಗೆ ಬೀಳುವ, ಕರಾವಳಿಯ ಮನೆಗಳಲ್ಲಿ ಸಾರಾಗುವ ಸಣ್ಣ ತೊರಕೆಯೂ ರಾತ್ರೋರಾತ್ರಿ ಹುಲಿಯ ಸಾಲಿಗೆ ಸೇರಿದ್ದರಿಂದ ಮೀನುಗಾರರ ವಿರೋಧ ಸಹಜವೇ ಆಗಿತ್ತು. ಡಿಸೆಂಬರ್‌ನಲ್ಲಿ ಪಟ್ಟಿಯನ್ನು 10 ಪ್ರಭೇದಗಳಿಗೆ ಇಳಿಸಲಾಯಿತು. ಅದರಲ್ಲಿ ಮೂರು ಗರಗಸ ಮೀನುಗಳು ಉಳಿದುಕೊಂಡವು. ಪಟ್ಟಿ ಚಿಕ್ಕದಾದದ್ದು ಬಹುಶಃ ವಿವೇಕದ ನಡೆಯೇ. ಆದರೆ ಹಿಂದೆ ಮುಂದೆ ಆದ ಈ ಆದೇಶಗಳಿಂದ ಯಾವ ಮೀನು ನಿಷಿದ್ಧ, ಯಾವುದು ಅಲ್ಲ ಎಂಬ ತಿಳಿವಳಿಕೆ ಬಂದರಿಗೆ ತಲುಪುವ ಮೊದಲೇ ಕಲಸಿಹೋಯಿತು. ಸಾಲದ್ದಕ್ಕೆ, ಪಟ್ಟಿಯಲ್ಲಿ ಸಿಹಿನೀರಿನ ಗರಗಸ ಮೀನು ಎಂದು ಬೇರೆಯಾಗಿ ಹೆಸರಿಸಿದ್ದು ದೊಡ್ಡ ಹಲ್ಲಿನ ಪ್ರಭೇದವೇ ಎಂದು ವಿಜ್ಞಾನಿಗಳು 2013ರ ಹೊತ್ತಿಗೆ ತೀರ್ಮಾನಿಸಿದರು.

ಮೊದಲ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದರೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷಗಳ ಜೈಲು. ಈ ಶಿಕ್ಷೆಯನ್ನು ಕಲ್ಪಿಸಿಕೊಂಡದ್ದು ಕೋವಿ ಹಿಡಿದು ಕಾಡಿಗೆ ಹೋಗುವವನನ್ನು ಎದುರಿಗಿಟ್ಟುಕೊಂಡು. ಗರಗಸ ಮೀನು ಸಿಕ್ಕಿದ ದೋಣಿಯವನ ಸ್ಥಿತಿ ಬೇರೆ. ಅವನು ಬಲೆ ಕತ್ತರಿಸಿ ಬಿಟ್ಟರೆ ಬಲೆಯ ನಷ್ಟ ಅವನದು, ದಡಕ್ಕೆ ತಂದು ತಿಳಿಸಿದರೆ ಪ್ರಕರಣದ ಭಯ, ಗರಗಸ ಕತ್ತರಿಸಿ ದೇಹವನ್ನು ನೀರಿಗೆಸೆದರೆ ಯಾರಿಗೂ ಗೊತ್ತಾಗದು. ಮೂರನೆಯ ದಾರಿಯೇ ಸುಲಭವಾಗಿರುವ ವ್ಯವಸ್ಥೆಯಲ್ಲಿ ಎಷ್ಟು ಮೀನು ಸಿಗುತ್ತಿವೆ ಎಂಬ ಲೆಕ್ಕವೂ ಸಿಗುವುದಿಲ್ಲ.

ಫ್ಲಾರಿಡಾದ ದಾರಿ ಬೇರೆಯಾಗಿತ್ತು. ಅಲ್ಲಿ 1992ರಲ್ಲಿ ಗರಗಸ ಮೀನಿನ ಬೇಟೆ ನಿಂತಿತು. 1994ರಲ್ಲಿ ಮತದಾರರೇ ಒಪ್ಪಿದ ತಿದ್ದುಪಡಿಯಿಂದ 1995ರಲ್ಲಿ ತೀರದ ನೀರಿನಲ್ಲಿ ಸಿಕ್ಕಿಸುವ ಬಲೆಗಳು ನಿಷಿದ್ಧವಾದವು. ಗರಗಸ ಮೀನಿಗಾಗಿ ತಂದ ಕ್ರಮ ಅದಲ್ಲವಾದರೂ ಅದಕ್ಕೆ ಹೆಚ್ಚು ನೆರವಾದದ್ದು ಅದೇ ಇರಬೇಕು. 2003ರಲ್ಲಿ ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿಗೂ ಸಣ್ಣ ಹಲ್ಲಿನ ಪ್ರಭೇದ ಸೇರಿತು. ಎವರ್‌ಗ್ಲೇಡ್ಸ್‌ನ ಅಳಿವೆಗಳಲ್ಲಿ ಮರಿಗಳು ಉಳಿದುಕೊಂಡವು. ಆದರೂ 2024ರ ಮೊದಲ ತಿಂಗಳುಗಳಲ್ಲಿ ಫ್ಲಾರಿಡಾ ಕೀಸ್ ದ್ವೀಪಗಳ ಸುತ್ತ ಮೀನುಗಳು ಗಿರಗಿರನೆ ಸುತ್ತುತ್ತ ಸಾಯತೊಡಗಿದಾಗ 50ಕ್ಕೂ ಹೆಚ್ಚು ಗರಗಸ ಮೀನುಗಳು ಸತ್ತವು. ತಳದಲ್ಲಿ ಬೆಳೆಯುವ ಪಾಚಿಗಳ ವಿಷದ ಮೇಲೆ ಅನುಮಾನ ಬಿದ್ದಿತು.

ನಮ್ಮಲ್ಲಿ ಅನುಕರಿಸಬಹುದಾದ ಮಾದರಿ ಇಲ್ಲವೆಂದಲ್ಲ. ಗುಜರಾತಿನಲ್ಲಿ 2004ರಿಂದ ನಡೆದ ಅಭಿಯಾನದಲ್ಲಿ ತಿಮಿಂಗಿಲ ಶಾರ್ಕನ್ನು ಹೆರಿಗೆಗೆ ತವರಿಗೆ ಬರುವ ಮಗಳೆಂದು ಮೀನುಗಾರರ ಮುಂದಿಡಲಾಯಿತು, ಕತ್ತರಿಸಿದ ಬಲೆಗೆ ಸರ್ಕಾರ ಹಣ ಕೊಟ್ಟಿತು. ಅಲ್ಲಿಂದೀಚೆಗೆ ನೂರಾರು ಶಾರ್ಕುಗಳು ಸಮುದ್ರಕ್ಕೆ ಮರಳಿವೆ. ಮಹಾರಾಷ್ಟ್ರ 2018ರ ಡಿಸೆಂಬರ್‌ನಲ್ಲಿ ಇದನ್ನು ವಿಸ್ತರಿಸಿ, ರಕ್ಷಿತ ಸಮುದ್ರಜೀವಿಗಳನ್ನು ಬಿಡುಗಡೆ ಮಾಡುವಾಗ ಹಾನಿಯಾದ ಬಲೆಗೆ ಗರಿಷ್ಠ 25,000 ರೂಪಾಯಿ ಪರಿಹಾರ ಕೊಡುವ ಯೋಜನೆ ತಂದಿತು. ಮೊಬೈಲಿನಲ್ಲಿ ತೆಗೆದ ಚಿತ್ರವೇ ಪುರಾವೆ. ಅಲ್ಲಿ ಪರಿಹಾರ ಪಡೆದ ಬಿಡುಗಡೆಗಳಲ್ಲಿ ಹೆಚ್ಚಿನವು ಕಡಲಾಮೆಗಳದು. ಆಮೆಯನ್ನು ಇಬ್ಬರು ಎತ್ತಿ ಬಿಡಬಹುದು. ಎರಡು ಬದಿಗೂ ಗರಗಸ ಬೀಸುವ ಮೀನನ್ನು ನೀರಿನಲ್ಲಿಯೇ ಇರಿಸಿ, ಅಂತರ ಕಾಯ್ದುಕೊಂಡು, ಹಲ್ಲುಗಳ ನಡುವಿನ ನೈಲಾನನ್ನು ಕತ್ತರಿಸುವುದಕ್ಕೆ ಎಂಜಿನ್ ನಿಲ್ಲಿಸಬೇಕು, ಉದ್ದ ಹಿಡಿಯ ಕತ್ತಿ ಬೇಕು, ಹೇಗೆಂದು ಮೊದಲೇ ಕಲಿತಿರಬೇಕು. ಈ ಕಲಿಕೆ ದೋಣಿಯ ಅಟ್ಟಕ್ಕೆ ತಲುಪದೆ ಇರುವವರೆಗೆ ಪರಿಹಾರದ ಅರ್ಜಿಗಳಲ್ಲಿ ಗರಗಸ ಮೀನು ಕಾಣಿಸಿಕೊಳ್ಳುವುದು ಕಷ್ಟ.