ಹೊಸ ಯಂತ್ರ ಪೀಣ್ಯದ ಶೆಡ್ಡಿಗೆ ಬರುವ ದಾರಿ

ಪೀಣ್ಯದ ಸಣ್ಣ ಕೈಗಾರಿಕೆಗಳಿಗೆ ಸಲಹೆಗಾರನಾಗಿರುವ ನನ್ನ ಬಳಿ ಮಾಲೀಕರು ಮೊದಲು ವಿಚಾರಿಸುವುದು ಹೊಸ ಯಂತ್ರದ ಅಥವಾ ಸಾಫ್ಟ್‌ವೇರಿನ ಬೆಲೆಯನ್ನು. ಬೆಲೆ ಮುಖ್ಯವೇ. ಆದರೆ ಹೊಸ ತಂತ್ರಜ್ಞಾನ ಶೆಡ್ಡಿನೊಳಗೆ ಬರುವುದು ಬಹುಮಟ್ಟಿಗೆ ಮಾಲು ಕೊಳ್ಳುವ ದೊಡ್ಡ ಕಂಪನಿಯ ಒತ್ತಾಯದಿಂದ. ಅದು ಅಲ್ಲಿ ನೆಲೆ ನಿಲ್ಲುವುದು ಅದನ್ನು ನಡೆಸುವ ಕೆಲಸಗಾರನಿಂದ.

ಜಿಎಸ್‌ಟಿ ಬಿಲ್ಲನ್ನು ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿಸುವ ಇ-ಇನ್ವಾಯ್ಸನ್ನೇ ನೋಡಿ. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿಗೂ ಮೀರಿದ ವಾರ್ಷಿಕ ವಹಿವಾಟಿನವರಿಗೆ ಕಡ್ಡಾಯವಾದ ಈ ವ್ಯವಸ್ಥೆಯ ಮಿತಿ ಹಂತ ಹಂತವಾಗಿ ಇಳಿದು, 2023ರ ಆಗಸ್ಟ್ 1ರಿಂದ 5 ಕೋಟಿಗೆ ಬಂತು. ಕಾನೂನಿನ ಭಯಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಗ್ರಾಹಕರ ಒತ್ತಡವೆಂದು ನಾನು ಕಂಡಿದ್ದೇನೆ. ನಿಯಮಕ್ಕೆ ಒಳಪಟ್ಟ ಪೂರೈಕೆದಾರರು ಆ ನೋಂದಣಿಯಲ್ಲಿ ಸಿಗುವ ಐಆರ್‌ಎನ್ ಸಂಖ್ಯೆಯಿಲ್ಲದೆ ಕೊಟ್ಟ ಬಿಲ್ಲು ಕಾನೂನಿನ ಪ್ರಕಾರ ಬಿಲ್ಲೇ ಅಲ್ಲವಾದ್ದರಿಂದ, ಕೊಂಡವರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ಗೆ, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುವ ಸೌಲಭ್ಯಕ್ಕೆ, ಕುತ್ತು ಬರುತ್ತದೆ. ಅವರ ಅಕೌಂಟ್ಸ್ ವಿಭಾಗ ಅದನ್ನು ಹಿಂದಕ್ಕೆ ಕಳಿಸುತ್ತದೆ.

ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕಡೆಯುವ ಸಿಎನ್‌ಸಿ ಲೇತಿನ ವಿಷಯ ಇನ್ನೂ ತೊಡಕಿನದು. ಅಳತೆಯ ವರದಿಯಿಲ್ಲದೆ ಮಾಲು ಇಳಿಸಿಕೊಳ್ಳದ ಗ್ರಾಹಕರು ಸಿಕ್ಕಾಗ ಮಾಲೀಕರು ಸಾಲ ಮಾಡಿ ಯಂತ್ರ ತರುತ್ತಾರೆ. ಟೂಲ್ ಸವೆದಂತೆಲ್ಲ ಶಾಫ್ಟಿನ ವ್ಯಾಸ ಮೈಕ್ರಾನ್ ಲೆಕ್ಕದಲ್ಲಿ ಹೆಚ್ಚುತ್ತ ಹೋಗುತ್ತದೆ. ಮೈಕ್ರೋಮೀಟರ್ ಹಿಡಿದು ಅದನ್ನು ಗಮನಿಸಿ, ಯಂತ್ರದಲ್ಲಿ ಟೂಲಿನ ಸ್ಥಾನದ ಅಳತೆಯನ್ನು (ಆಫ್‌ಸೆಟ್) ತಿದ್ದುವ ಸೆಟ್ಟರ್ ರಾತ್ರಿ ಪಾಳಿಯಲ್ಲಿ ಇಲ್ಲದಿದ್ದರೆ, ಬೆಳಗಾಗುವಷ್ಟರಲ್ಲಿ ರಿಜೆಕ್ಷನ್ ಟ್ರೇ ತುಂಬಿರುತ್ತದೆ. ಅಂಥ ಸೆಟ್ಟರ್ ಹೆಚ್ಚು ಸಂಬಳಕ್ಕೆ ಪಕ್ಕದ ಕ್ರಾಸಿನ ಶೆಡ್ಡಿಗೆ ಹೋದರೆ ಇಲ್ಲಿ ಯಂತ್ರ ನಿಲ್ಲುತ್ತದೆ, ಅಲ್ಲಿ ಓಡತೊಡಗುತ್ತದೆ. ಬಿಟ್ಟುಹೋದ ಕಡೆಯ ಮಾಲೀಕರಿಗೆ ಇದು ನಷ್ಟವೇ ಸರಿ, ಆದರೂ ಈ ವಿದ್ಯೆ ಪೀಣ್ಯದಲ್ಲಿ ಹರಡಿದ್ದು ಮುಖ್ಯವಾಗಿ ಹೀಗೆಯೇ ಎಂದು ನಾನು ನಂಬಿದ್ದೇನೆ. ಇಂಥ ಕೆಲಸ ಕಲಿಸುವ, ರಾಜಾಜಿನಗರದ ಸರ್ಕಾರಿ ಜಿಟಿಟಿಸಿಯಂಥ ತರಬೇತಿ ಕೇಂದ್ರಗಳ ಮಹತ್ವ ತಿಳಿಯುವುದೂ ಇಲ್ಲಿಯೇ.

ಇನ್ನು ಹಣದ ಮಾತು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಬಾಕಿ ಪಾವತಿಸಲು 2006ರ ಎಂಎಸ್‌ಎಂಇಡಿ ಕಾಯಿದೆ ಕೊಡುವ ಗರಿಷ್ಠ ಅವಧಿ 45 ದಿನ. ಬ್ಯಾಂಕಿನ ಕಂತು ತಿಂಗಳು ತಪ್ಪದೆ ಬರುತ್ತದೆ, ಗ್ರಾಹಕರ ಹಣ ಮಾತ್ರ ಈ ಗಡುವನ್ನೂ ದಾಟುತ್ತದೆ. ಆದ್ದರಿಂದ ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು, ಕಳೆದ ವರ್ಷ ಯಾವ ಗ್ರಾಹಕರಿಂದ ಎಷ್ಟು ದಿನಕ್ಕೆ ಹಣ ಬಂತೆಂಬ ಪಟ್ಟಿಯನ್ನೂ ರಾತ್ರಿ ಪಾಳಿಯ ಸೆಟ್ಟರ್ ಯಾರೆಂಬುದನ್ನೂ ಬರೆದು ತರುವಂತೆ ಮಾಲೀಕರನ್ನು ಕೇಳುತ್ತೇನೆ.