ಚದುರಂಗದ ಮಣೆಯೊಳಗಿನ ಇಪ್ಪತ್ತಂಕಿಯ ಸಂಖ್ಯೆ

ಚದುರಂಗದ ಮೊದಲ ಮನೆಗೆ ಒಂದು ಅಕ್ಕಿಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ರಾಜನ ಹತ್ತಿರ ಹೀಗೆ ಕೇಳಿದ ಜಾಣನ ಕಥೆ ನಮಗೆಲ್ಲ ಗೊತ್ತು. 64 ಮನೆಗೂ ಸೇರಿ ಬೇಕಾಗುವ ಕಾಳು 1,84,46,74,40,73,70,95,51,615. ಸುಮಾರು 1,84,467 ಕೋಟಿ ಕೋಟಿ! ಗ್ರಾಮಿಗೆ 40 ಕಾಳು ಅಂತಿಟ್ಟುಕೊಂಡರೂ 46,000 ಕೋಟಿ ಟನ್ ಆಗುತ್ತದೆ. ಇಡೀ ಜಗತ್ತು ಈಗ ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್ನಿನ ಆಸುಪಾಸು. ಅಂದರೆ ಹೆಚ್ಚುಕಡಿಮೆ 900 ವರ್ಷದ ಬೆಳೆ.

ಕಥೆ ಇಲ್ಲಿಗೆ ಮುಗಿಯುತ್ತದೆ. ನನಗೆ ಇಷ್ಟವಾಗುವ ಭಾಗ ಶುರುವಾಗುವುದೇ ಇಲ್ಲಿಂದ. ಈ ಸಂಖ್ಯೆಯನ್ನು ಒಡೆದು ನೋಡೋಣ.

ಕೊನೆಯಲ್ಲಿ 5 ಇದೆ, ಹಾಗಾಗಿ 5ರಿಂದ ಭಾಗ ಹೋಗುತ್ತದೆ. ಅಂಕಿಗಳನ್ನೆಲ್ಲ ಕೂಡಿದರೆ 87, ಹಾಗಾಗಿ 3ರಿಂದಲೂ ಹೋಗುತ್ತದೆ. ಮುಂದಕ್ಕೆ? ಮಣೆಯನ್ನೇ ಕೇಳಬೇಕು. ಮೊದಲ ಸಾಲಿನ ಎಂಟು ಮನೆಗಳ ಕಾಳು 255. ಅದು 16×16ಕ್ಕಿಂತ ಒಂದು ಕಡಿಮೆ. ಶಾಲೆಯಲ್ಲಿ ಉರು ಹೊಡೆದ 'ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್' ನೆನಪಿದೆ ಅಲ್ವಾ? ಅದರ ಪ್ರಕಾರ 255 ಅಂದರೆ 15×17. ಆ 15 ಮತ್ತೆ 3×5. ಎರಡು ಸಾಲಿಗೆ 255×257 ಕಾಳು. ನಾಲ್ಕು ಸಾಲಿಗೆ ಅದನ್ನು 65537ರಿಂದ ಗುಣಿಸಿ. ಎಂಟು ಸಾಲಿಗೆ ಮತ್ತೆ 4294967297ರಿಂದ ಗುಣಿಸಿ. ಸಾಲು ದುಪ್ಪಟ್ಟಾದಾಗಲೆಲ್ಲ ಹೊಸದೊಂದು ಸಂಖ್ಯೆ ಬಂದು ಸೇರುತ್ತದೆ.

ಹಾಗೆ ಬಂದವುಗಳಲ್ಲಿ 3, 5, 17, 257, 65537 ಅಷ್ಟೂ ಅವಿಭಾಜ್ಯ. ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾ 1640ರ ಸುಮಾರಿಗೆ ಇದನ್ನು ಕಂಡು, ಈ ಸರಣಿಯಲ್ಲಿ ಮುಂದೆ ಬರುವವೂ ಅವಿಭಾಜ್ಯವೇ ಎಂದು ನಂಬಿದರು. ಐದಕ್ಕೈದೂ ಸರಿಹೋದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಆರನೆಯದಾದ 4294967297 ಕೈಕೊಟ್ಟಿತು. 1732ರಲ್ಲಿ ಲಿಯೋನಾರ್ಡ್ ಆಯ್ಲರ್ ಅದನ್ನು ಒಡೆದರು: 641×6700417. ಬೇಕಾದರೆ ಪೆನ್ನು ಹಿಡಿದು ಗುಣಿಸಿ ನೋಡಿ, ಎರಡು ನಿಮಿಷ ಸಾಕು.

ಆದರೆ ಆ 641 ಸಿಗುವುದು ಹೇಗೆ? ಸುಮ್ನೆ 3, 7, 11 ಅಂತ ಒಂದೊಂದಾಗಿ ಹುಡುಕುತ್ತಾ ಹೋಗಬೇಕಿಲ್ಲ. 4294967297ನ್ನು ಭಾಗಿಸುವ ಸಂಖ್ಯೆ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು ಎಂದು ಆಯ್ಲರ್ ಸಾಧಿಸಿ ತೋರಿಸಿದರು. ಹಾಗೆ ಉಳಿಯುವ ಅವಿಭಾಜ್ಯಗಳು 193, 257, 449, 577, 641... ಐದನೇ ಪ್ರಯತ್ನಕ್ಕೇ ಬಾಗಿಲು ತೆರೆಯುತ್ತದೆ. ಹತ್ತಂಕಿಯ ಸಂಖ್ಯೆಯನ್ನು ಐದೇ ಭಾಗಾಕಾರದಲ್ಲಿ ಬಗ್ಗಿಸುವ ಈ ಉಪಾಯ ಎಷ್ಟು ಸಲ ಓದಿದರೂ ನನಗೆ ಖುಷಿ ಕೊಡುತ್ತದೆ.

ಇನ್ನು ಅರ್ಧ ಮಣೆ. ನಾಲ್ಕು ಸಾಲಿನ ಕಾಳು 4294967295, ಬರೀ 107 ಟನ್. ಹತ್ತು ಹನ್ನೊಂದು ಲಾರಿ ಲೋಡು ಅನ್ನಿ. ಈ ಸಂಖ್ಯೆಯನ್ನು ನೆನಪಿಟ್ಟುಕೊಂಡು ಸ್ವಲ್ಪ ರೇಖಾಗಣಿತದ ಕಡೆ ಹೋಗೋಣ. ಜರ್ಮನಿಯ ಗೌಸ್ 1796ರಲ್ಲಿ, ಇನ್ನೂ 18ರ ಹುಡುಗನಾಗಿದ್ದಾಗ, ಗುರುತಿಲ್ಲದ ಸ್ಕೇಲು ಮತ್ತು ಕೈವಾರ ಎರಡರಿಂದಲೇ ಬಾಹುಗಳೂ ಕೋನಗಳೂ ಸಮನಾಗಿರುವ 17 ಬಾಹುಗಳ ಆಕೃತಿ ಬರೆಯಬಹುದು ಎಂದು ಕಂಡುಕೊಂಡರು. ಬೆಸ ಸಂಖ್ಯೆಯ ಬಾಹುಗಳಿರುವ ಇಂಥ ಆಕೃತಿಗೆ ಫರ್ಮಾ ಕಂಡ ಅವಿಭಾಜ್ಯಗಳೇ ಬೇಕು. ಒಂದೊಂದನ್ನು ಒಂದೇ ಸಲ ಬಳಸಿ ಗುಣಿಸಬಹುದು. ಇವತ್ತಿಗೂ ನಮಗೆ ಗೊತ್ತಿರುವುದು ಆ ಐದೇ. ಐದನ್ನೂ ಗುಣಿಸಿದರೆ ಅಂಥ ಆಕೃತಿಗಳಲ್ಲಿ ನಮಗೆ ಗೊತ್ತಿರುವ ಅತಿ ದೊಡ್ಡದರ ಬಾಹುಗಳ ಲೆಕ್ಕ ಸಿಗುತ್ತದೆ: 4294967295. ಅರ್ಧ ಮಣೆಯ ಅಕ್ಕಿಕಾಳಿನಷ್ಟೇ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.